ಕಂಬಳಿ ಕೆಟ್ಟಿದ್ದು ನೇಕಾರನ ಕೈಯಿಂದಲ್ಲ

ಚಳಿ ಶುರುವಾಯಿತು ಅಂದರೆ ನಮ್ಮ ಕಡೆ ಚಹಾ ಅಂಗಡಿ ಕಟ್ಟೆಗಳಲ್ಲಿ ಈ ಮಾತು ಬಂದೇ ಬರುತ್ತದೆ. "ಅಜ್ಜನ ಕಾಲದ ಕಂಬಳಿ ನೋಡ್ರಿ, ಅಪ್ಪ ಹೊದ್ದ, ನಾನೂ ಹೊದ್ದೆ. ಈಗ ತಂದಿದ್ದು ಎರಡು ಮಳೆಗಾಲ ಕಾಣಲಿಲ್ಲ." ಕೂತವರೆಲ್ಲ ಹೌದೌದು ಅನ್ನುತ್ತಾರೆ. ಆಮೇಲೆ ಒಬ್ಬರು ತೀರ್ಪು ಕೊಡುತ್ತಾರೆ: "ಈಗಿನವರಿಗೆ ಆ ಕೈ ಎಲ್ಲಿ ಬರಬೇಕು ಬಿಡ್ರಿ." ಅಲ್ಲಿಗೆ ಚಹಾನೂ ಮುಗಿಯಿತು, ಮಾತೂ ಮುಗಿಯಿತು.

ಮೊದಲನೆಯ ಮಾತು ನಿಜ. ಎರಡನೆಯದು ಸುಳ್ಳು. ನಮ್ಮ ಜಗಳ ಇರುವುದು ಈ ಎರಡನೆಯ ಮಾತಿನ ಜೊತೆ. ಯಾಕೆಂದರೆ ಆ ಮಾತು ಬದುಕಿರುವ ನೇಕಾರರ ತಲೆ ಮೇಲೆ ತಪ್ಪು ಹೊರಿಸಿ, ತಪ್ಪು ಮಾಡಿದವರನ್ನೆಲ್ಲ ಆರಾಮಾಗಿ ಮನೆಗೆ ಕಳಿಸುತ್ತದೆ.

ಮೊದಲು ಹಳೆಯ ಕಂಬಳಿ ಅಂದರೆ ಏನು ಅನ್ನೋದನ್ನು ಹೇಳಿಬಿಡೋಣ. ಇಪ್ಪತ್ತು ವರ್ಷದ ಹುಡುಗರಿಗೆ ಕಂಬಳಿ ಅಂದರೆ ಹೊದೆಯುವ ಬಟ್ಟೆ ಅಷ್ಟೆ. ಕುರಿ ಕಾಯುವವರಿಗೆ, ಹೊಲಕ್ಕೆ ಹೋಗುವವರಿಗೆ ಅದು ಕೊಡೆ, ರೇನ್‌ಕೋಟು, ಹಾಸಿಗೆ, ಟೊಪ್ಪಿಗೆ ಎಲ್ಲ ಆಗಿತ್ತು. ಒಂದು ಮೂಲೆಯನ್ನು ಮಡಚಿ ತಲೆಗೆ ಇಟ್ಟುಕೊಂಡರೆ ಕೊಪ್ಪೆ. ಕೊಪ್ಪೆ ಹಾಕಿಕೊಂಡು ದಿನವಿಡೀ ಜಿಟಿಜಿಟಿ ಮಳೆಯಲ್ಲಿ ನಿಂತರೂ ತಲೆ, ಹೆಗಲು, ಬೆನ್ನು ಬೆಚ್ಚಗೆ ಇರುತ್ತಿದ್ದವು. ಅಡವಿಯಲ್ಲಿ ಈದ ಮರಿಯನ್ನು ಸುತ್ತಿಕೊಂಡು ಬರುವುದಕ್ಕೂ ಅದೇ, ದೇವರ ಗದ್ದುಗೆಗೆ ಹಾಸುವುದಕ್ಕೂ ಅದೇ.

ಇದರಲ್ಲಿ ಮಾಟ ಮಂತ್ರ ಏನೂ ಇಲ್ಲ. ಮೂರು ಕಾರಣ ಇವೆ. ಮೊದಲನೆಯದು ಕುರಿ. ದಖ್ಖನಿ ಕುರಿಯ ಉಣ್ಣೆ ಒರಟು, ಹೆಚ್ಚಾಗಿ ಕಪ್ಪು ಇಲ್ಲವೇ ಬೂದು. ಹುಟ್ಟು ಬಣ್ಣವೇ ಆದ್ದರಿಂದ ಬಣ್ಣ ಬಿಡುವ ಮಾತೇ ಇಲ್ಲ. ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಒಂದು ಕುರಿಗೆ ಅರ್ಧದಿಂದ ಮುಕ್ಕಾಲು ಕೆಜಿ ಸಿಕ್ಕರೆ ಹೆಚ್ಚು. ಎರಡನೆಯದು ಹುಣಸೆ ಬೀಜ. ಉಣ್ಣೆಯನ್ನು ಎಕ್ಕಿ, ನೂತು, ಹಾಸು ಹೂಡಿದ ಮೇಲೆ ಹುಣಸೆ ಬೀಜವನ್ನು ಅರೆದು ಕುದಿಸಿದ ಗಂಜಿಯನ್ನು ಎಳೆಎಳೆಗೂ ಹಚ್ಚಿ, ದೊಡ್ಡ ಕುಂಚದಿಂದ ಬಾಚಿ, ಬಿಸಿಲಿಗೆ ಒಣಗಿಸುತ್ತಾರೆ. ಆಗ ನೂಲಿನ ಕೂದಲು ಕೂತುಕೊಂಡು ಎಳೆ ಗಟ್ಟಿಯಾಗುತ್ತದೆ. ಹೊಸ ಕಂಬಳಿ ತಗಡಿನ ಹಾಗೆ ಸೆಟೆದು ನಿಲ್ಲುವುದು ಈ ಗಂಜಿಯಿಂದ. ಹನಿ ಬಿದ್ದರೆ ಜಾರಿ ಹೋಗುವುದಕ್ಕೂ ಅದು ನೆರವಾಗುತ್ತದೆ.

ಮೂರನೆಯ ಕಾರಣ ಬಹಳ ಜನಕ್ಕೆ ಗೊತ್ತಿಲ್ಲ. ಉಣ್ಣೆಯ ಕೂದಲಿನ ಮೈ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರ ಇರುತ್ತದೆ. ನೀರು, ಶಾಖ, ತಿಕ್ಕಾಟ ಮೂರೂ ಸೇರಿದಾಗ ಒಂದು ಕೂದಲು ಇನ್ನೊಂದಕ್ಕೆ ಸಿಕ್ಕಿಕೊಂಡು ಬಿಗಿಯಾಗುತ್ತದೆ. ಹೀಗಾಗಿ ಮಳೆ ಬಿಸಿಲು ಕಂಡ, ಮೈ ಮೇಲೆ ತಿಕ್ಕಾಡಿದ ಉಣ್ಣೆ ಕಂಬಳಿ ವರ್ಷ ಕಳೆದ ಹಾಗೆ ಇನ್ನಷ್ಟು ಒತ್ತಾಗುತ್ತದೆ, ತೂತು ಮುಚ್ಚುತ್ತವೆ. ಅಜ್ಜನ ಕಂಬಳಿ ಹಳೆಯದಾದಷ್ಟೂ ಚೆನ್ನಾಗಿತ್ತು ಅನ್ನುವ ಮಾತು ಬರೀ ಹಳೇ ನೆನಪಿನ ಮೋಹ ಅಲ್ಲ. ಜೊತೆಗೆ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಪಾಲಿಯೆಸ್ಟರ್‌ಗೆ, ಅಕ್ರಿಲಿಕ್‌ಗೆ ಈ ಗುಣ ಇಲ್ಲ.

ಈಗ ಸಂತೆಗೆ ಬನ್ನಿ. "ಕಂಬಳಿ ಕೊಡಪ್ಪಾ" ಅಂದರೆ ಕೈಗೆ ಬರುವುದು ಏನು? ಹೆಚ್ಚಿನ ಕಡೆ ಬರುವುದು ಹರಿಯಾಣದ ಪಾಣಿಪತ್ ಮಾಲು. ಹೊರದೇಶದವರು ಹಾಕಿ ಬಿಟ್ಟ ಸ್ವೆಟರ್, ಕೋಟುಗಳು ಮೂಟೆ ಮೂಟೆಯಾಗಿ ಅಲ್ಲಿಗೆ ಬರುತ್ತವೆ. ಬಣ್ಣ ನೋಡಿ ಬೇರ್ಪಡಿಸಿ, ಗುಂಡಿ ಜಿಪ್ಪು ಕಿತ್ತು, ಯಂತ್ರದಲ್ಲಿ ಹರಿದು ನಾರು ಮಾಡಿ, ಮತ್ತೆ ನೂಲು ತೆಗೆದು ನೇಯುತ್ತಾರೆ. ಇದಕ್ಕೆ ಶಾಡಿ ಅಂತ ಹೆಸರು. ಒಂದು ಸಲ ಹರಿದ ನಾರು ತುಂಡು ತುಂಡಾಗಿರುತ್ತದೆ. ತುಂಡು ನಾರಿನ ನೂಲಿಗೆ ಕಸುವು ಎಲ್ಲಿಂದ ಬರಬೇಕು? ಅದಕ್ಕೇ ಪಾಲಿಯೆಸ್ಟರೋ ಅಕ್ರಿಲಿಕ್ಕೋ ಬೆರೆಸುತ್ತಾರೆ. ಮೊದಲ ಒಗೆತಕ್ಕೆ ಪುಡಿಪುಡಿ ಉದುರುವುದು, ಎರಡನೇ ವರ್ಷಕ್ಕೆ ಅಂಚು ಬಿಚ್ಚಿಕೊಳ್ಳುವುದು ಇದರಿಂದಲೇ.

ಪಾಣಿಪತ್ ಮೇಲೆ ನಮಗೆ ಸಿಟ್ಟಿಲ್ಲ. ಕಸವಾಗುವ ಬಟ್ಟೆಯನ್ನು ಮತ್ತೆ ಬಟ್ಟೆ ಮಾಡುವುದು ಒಳ್ಳೆಯ ಕೆಲಸವೇ. ನೆರೆ, ಭೂಕಂಪ ಆದಾಗ ಹಂಚುವ ಹೊದಿಕೆ ಅಲ್ಲಿಂದಲೇ ಬರುತ್ತದೆ, ಕೈಯಲ್ಲಿ ಕಾಸಿಲ್ಲದವರ ಚಳಿ ಅದರಿಂದ ಕಳೆಯುತ್ತದೆ. ನಮ್ಮ ತಕರಾರು ಹೆಸರಿನದು. ಅದನ್ನು ಬ್ಲಾಂಕೆಟ್ ಅನ್ನಿ, ಹೊದಿಕೆ ಅನ್ನಿ. ಕಪ್ಪು ಬಣ್ಣ ಹಾಕಿ, ಅಂಚಿಗೆ ಬಿಳಿ ಗೆರೆ ಎಳೆದು ನಮ್ಮ ಕಂಬಳಿ ಅಂತ ಮಾರಬೇಡಿ.

ಪರೀಕ್ಷೆ ಮಾಡುವುದು ಸುಲಭ. ಕಂಬಳಿಯಿಂದ ಒಂದು ಹಾಸಿನ ಎಳೆ, ಒಂದು ಹೊಕ್ಕಿನ ಎಳೆ ಕಿತ್ತುಕೊಳ್ಳಿ. ಎರಡೂ ಬೇಕು, ಯಾಕೆಂದರೆ ಉದ್ದಕ್ಕೆ ಪ್ಲಾಸ್ಟಿಕ್ ನೂಲು ಹಾಕಿ ಅಡ್ಡಕ್ಕೆ ಮಾತ್ರ ಉಣ್ಣೆ ಹೊಡೆಯುವುದೂ ಉಂಟು. ಕಡ್ಡಿ ಗೀರಿ ಹಿಡಿಯಿರಿ. ಉಣ್ಣೆಯಾದರೆ ನಿಧಾನಕ್ಕೆ ಸುರುಟಿಕೊಂಡು ಉರಿಯುತ್ತದೆ, ಬೆಂಕಿ ದೂರ ಮಾಡಿದರೆ ತಾನೇ ಆರುತ್ತದೆ, ತಲೆಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಹುಡಿಯಾಗುತ್ತದೆ. ಪಾಲಿಯೆಸ್ಟರ್, ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗೋಲಿಯಾಗಿ ಕೂರುತ್ತದೆ. (ಆರಿದ ಮೇಲೆ ಮುಟ್ಟಿ, ಬಿಸಿ ಇರುವಾಗ ಬೆರಳಿಗೆ ಅಂಟಿದರೆ ಬೊಬ್ಬೆ ಬರುತ್ತದೆ.) ಅಂಗಡಿಯವನು ಎಳೆ ಕೀಳಲು ಬಿಡದಿದ್ದರೆ ಉತ್ತರ ಅಲ್ಲೇ ಸಿಕ್ಕ ಹಾಗೆ.

ಹಾಗಾದರೆ ನಿಜವಾದ ಕಂಬಳಿ ಎಲ್ಲಿ ಹೋಯಿತು? ನೇಕಾರರು ಮರೆತರಾ? ಚಳ್ಳಕೆರೆ ಸುತ್ತಮುತ್ತ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಈ ಕೆಲಸ ಬಲ್ಲವರು ಇವತ್ತಿಗೂ ಇದ್ದಾರೆ. ಮನೆಯೊಳಗೆ ಕುಣಿ ಮಗ್ಗ ಇದೆ. ಗಂಜಿಯ ಹದ ಬೆರಳಲ್ಲಿ ನೋಡಿ ಹೇಳುವ ಹೆಂಗಸರಿದ್ದಾರೆ. ಅವರ ಕೈಗೆ ಒಳ್ಳೆಯ ಉಣ್ಣೆ ಕೊಟ್ಟು ನೋಡಿ, ಅಜ್ಜನ ಕಾಲದ್ದಕ್ಕೆ ಒಂದು ಎಳೆಯೂ ಕಡಿಮೆಯಿಲ್ಲದ ಕಂಬಳಿ ಬರುತ್ತದೆ. ಇಲ್ಲದಿರುವುದು ಉಣ್ಣೆ.

ಇಲ್ಲೊಂದು ವಿಚಿತ್ರ ಲೆಕ್ಕ ಇದೆ. 2012ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಇದ್ದ ಕುರಿ ಸುಮಾರು 96 ಲಕ್ಷ. 2019ರ ಗಣತಿಗೆ ಅದು ಸುಮಾರು 1 ಕೋಟಿ 11 ಲಕ್ಷ ಆಯಿತು. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ಹೆಚ್ಚು ಕುರಿ ಇರುವುದು ನಮ್ಮಲ್ಲೇ. ಕುರಿ ಏರಿದೆ, ಕಂಬಳಿಗೆ ಉಣ್ಣೆ ಸಿಗುತ್ತಿಲ್ಲ. ಹೇಗೆ?

ಕುರಿ ಬದಲಾಗಿದೆ. ಈಗ ಹಟ್ಟಿಯಲ್ಲಿ ಬೆಲೆ ಇರುವುದು ಮಾಂಸಕ್ಕೆ. ಎತ್ತರ, ಉದ್ದ ಇರುವ, ಬೇಗ ತೂಕ ಬರುವ ಟಗರು ಬೇಕು. ಆಂಧ್ರದ ನೆಲ್ಲೂರು, ರಾಯಚೂರು–ಕೊಪ್ಪಳದ ಕೆಂಗುರಿ, ಬಾಗಲಕೋಟೆ ಕಡೆಯ ಎಳಗ ಎಲ್ಲ ಹೀಗೆ ದಖ್ಖನಿ ಹಿಂಡಿನೊಳಗೆ ಬಂದವು. ಇವುಗಳ ಮೈ ಮೇಲೆ ಇರುವುದು ಹೆಚ್ಚಾಗಿ ಗಿಡ್ಡ ಕೂದಲು. ನೂಲಲು ಬರುವ ಉಣ್ಣೆ ಅಲ್ಲ. ಎರಡು ಮೂರು ತಲೆಮಾರು ಬೆರೆತರೆ ಕತ್ತರಿಗೆ ಸಿಗುವುದು ಅರ್ಧ ಉಣ್ಣೆ, ಅರ್ಧ ಕೂದಲು. ಅಂಥದ್ದನ್ನು ಎಕ್ಕಿದರೆ ಕೂರುವುದಿಲ್ಲ, ನೂತರೆ ಎಳೆ ಹರಿಯುತ್ತದೆ, ನೇಯ್ದರೆ ಮುಳ್ಳಿನ ಹಾಗೆ ಚುಚ್ಚುತ್ತದೆ. ಆಗ ನೋಡಿದವರು ಹೇಳುವುದು: "ನೇಕಾರನ ಕೈ ಕೆಟ್ಟಿದೆ."

ಕುರಿಗಾಹಿಯನ್ನು ಬೈಯುವುದಕ್ಕೆ ನಾವು ತಯಾರಿಲ್ಲ. ಕುರಿ ಕತ್ತರಿಸಿದವರಿಗೆ ಕೊಡುವ ಕೂಲಿಗೂ ಉಣ್ಣೆಯ ಬೆಲೆ ಸಾಲುವುದಿಲ್ಲ. ಕತ್ತರಿಸಿದ್ದನ್ನು ಹೊಲದ ಬದುವಿಗೆ ಎಸೆದು ಹೋಗುತ್ತಾರೆ. ಮನೆ ನಡೆಸುವ ಮನುಷ್ಯ ಮರಿ ಮಾರಿ ಬರುವ ದುಡ್ಡು ನೋಡಬೇಕೋ, ಕಸದ ಬೆಲೆಯ ಉಣ್ಣೆ ನೋಡಬೇಕೋ?

ಉಣ್ಣೆಯನ್ನು ಕಸ ಮಾಡಿದವರು ಬೇರೆ ಇದ್ದಾರೆ. ನಮ್ಮ ಸರ್ಕಾರಿ ಪುಸ್ತಕಗಳಲ್ಲಿ ಒಳ್ಳೆಯ ಉಣ್ಣೆ ಅಂದರೆ ಆಸ್ಟ್ರೇಲಿಯಾದ ಮೆರಿನೊ. ಎಳೆ 20 ಮೈಕ್ರಾನ್ ಆಸುಪಾಸು, ಸೂಟಿಗೆ ಶಾಲಿಗೆ ಹೇಳಿ ಮಾಡಿಸಿದ್ದು. ಆ ಅಳತೆಗೋಲು ಹಿಡಿದರೆ ದಖ್ಖನಿ ಉಣ್ಣೆ ಒರಟು, ಕೆಳದರ್ಜೆ. ಅದಕ್ಕಾಗಿ ಮೆರಿನೊ, ರಾಂಬುಲೆ ಟಗರು ತಂದು ದಖ್ಖನಿಗೆ ಬೆರೆಸುವ ಪ್ರಯೋಗವೂ ನಡೆಯಿತು. ಸ್ವಾಮಿ, ಕೊಪ್ಪೆಗೆ ಬೇಕಿದ್ದದ್ದೇ ಆ ಒರಟುತನ! ಮೆರಿನೊ ಶಾಲು ಹೊದ್ದು ಜೂನ್ ತಿಂಗಳ ಮಳೆಯಲ್ಲಿ ಕುರಿ ಹಿಂದೆ ಒಂದು ದಿನ ತಿರುಗಿ ಬನ್ನಿ, ಆಮೇಲೆ ದರ್ಜೆ ಮಾತಾಡೋಣ. ನೇಗಿಲಿಗೆ ಜಾಲಿ ಮರ ಬೇಕು, ಶ್ರೀಗಂಧ ಯಾಕಿಲ್ಲ ಅಂತ ಯಾರಾದರೂ ಕೇಳುತ್ತಾರಾ?

ಇನ್ನು ಹುಲ್ಲಿನ ಮಾತು. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲು ಸುತ್ತಲಿನ ಹತ್ತಾರು ಹಳ್ಳಿಗಳ ಕುರಿ ದನಗಳಿಗೆ ಮೇವಿನ ನೆಲವಾಗಿತ್ತು. 2007ರ ನಂತರದ ಕೆಲವೇ ವರ್ಷಗಳಲ್ಲಿ ಅದರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಎಕರೆಯನ್ನು ಡಿಆರ್‌ಡಿಒ, ಇಸ್ರೊ, ಬಿಎಆರ್‌ಸಿ, ಐಐಎಸ್‌ಸಿ ಮುಂತಾದವಕ್ಕೆ ಹಂಚಲಾಯಿತು. ಗೋಡೆ ಎದ್ದ ಮೇಲೆ ದೊಡ್ಡಉಳ್ಳಾರ್ತಿ, ಖುದಾಪುರದ ಕಡೆಯವರಿಗೆ ಗೊತ್ತಾಯಿತು ಏನು ಹೋಯಿತು ಅಂತ. ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ದೇಶಕ್ಕೆ ವಿಜ್ಞಾನ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗೋಡೆಯ ಹೊರಗೆ ನಿಂತು "ಚಳ್ಳಕೆರೆ ಕಂಬಳಿ ಮೊದಲಿನ ಹಾಗಿಲ್ಲ" ಅಂತ ಅನ್ನುವಾಗ ಗೋಡೆಯ ಕಡೆಗೂ ಒಂದು ಸಲ ನೋಡಬೇಕು.

ಇದು ನಮ್ಮ ಊರಿನ ಜಗಳ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಹ್ಯಾಟು ಹಾಕುವವರೂ ಹೀಗೇ ಗೊಣಗುತ್ತಾರೆ: ಅಜ್ಜನ ಹ್ಯಾಟು ತೆಳ್ಳಗಿದ್ದೂ ಗಟ್ಟಿ, ಮಳೆಯಲ್ಲಿ ನೆನೆದರೂ ಆಕಾರ ಬಿಡುತ್ತಿರಲಿಲ್ಲ, ಈಗಿನದು ಒಂದು ಮಳೆಗೆ ಹಪ್ಪಳ. ಆ ಹ್ಯಾಟಿನ ಬಟ್ಟೆಗೆ ಫೆಲ್ಟ್ ಅಂತಾರೆ. ಅದನ್ನು ನೂಲುವುದೂ ಇಲ್ಲ, ನೇಯುವುದೂ ಇಲ್ಲ. ಮೇಲೆ ಹೇಳಿದೆವಲ್ಲ, ಕೂದಲು ಕೂದಲಿಗೆ ಸಿಕ್ಕಿಕೊಳ್ಳುವ ಗುಣ, ಅದನ್ನೇ ಬಿಸಿನೀರು, ಹಬೆ, ಒತ್ತಡದಿಂದ ಪೂರ್ತಿ ಬಳಸಿಕೊಂಡು ಹಾಳೆ ಮಾಡುವುದು. ಅದಕ್ಕೆ ಎಲ್ಲಕ್ಕಿಂತ ಒಳ್ಳೆಯದು ಬೀವರ್ ಅನ್ನುವ ನೀರಿನ ಪ್ರಾಣಿಯ ಒಳಗೂದಲು. ಯುರೋಪಿನವರ ಹ್ಯಾಟಿನ ಹುಚ್ಚಿಗೆ ಉತ್ತರ ಅಮೆರಿಕದ ಬೀವರ್‌ಗಳು ಮುಗಿಯುವ ಹಂತಕ್ಕೆ ಬಂದವು. ಆಮೇಲೆ ಮೊಲದ ಕೂದಲು ಹೆಚ್ಚಾಯಿತು, ಅಗ್ಗದ ಮಾಲಿಗೆ ಕುರಿ ಉಣ್ಣೆ ಬಂತು. ಅಲ್ಲೂ ಕೈಗಿಂತ ಮೊದಲು ಕೂದಲು ಬದಲಾಯಿತು.

ಹ್ಯಾಟಿನ ಒಳಗೆ ಎಕ್ಸ್ ಗುರುತು ಒತ್ತಿರುತ್ತಾರೆ. ಎಕ್ಸ್ ಹೆಚ್ಚಾದಷ್ಟೂ ಕೂದಲು ಉತ್ತಮ ಅಂತ ಲೆಕ್ಕ. ಆದರೆ ಈಗ ಒಂದೊಂದು ಕಂಪನಿಯ ಎಕ್ಸ್ ಒಂದೊಂದು ಅಳತೆ. ಎಲ್ಲರಿಗೂ ಒಪ್ಪುವ ಮಾನದಂಡ ಇಲ್ಲ. ನಮ್ಮಲ್ಲಿ "ಕಂಬಳಿ" ಅನ್ನುವ ಪದಕ್ಕೆ ಆಗಿರುವುದೂ ಅದೇ. ಪದ ಉಳಿದಿದೆ, ಒಳಗಿನ ಮಾಲು ಹೋಗಿದೆ.

ಹ್ಯಾಟಿನ ಕಥೆಯಲ್ಲಿ ಇನ್ನೊಂದು ಭಾಗ ಇದೆ, "ಹಳೇದೇ ಚಿನ್ನ" ಅನ್ನುವವರು ಅದನ್ನೂ ಕೇಳಬೇಕು. ಮೊಲದ ಕೂದಲು ಬೀವರ್‌ನಷ್ಟು ಸುಲಭಕ್ಕೆ ಹೆಣೆದುಕೊಳ್ಳುವುದಿಲ್ಲ. ಅದಕ್ಕೆ ಪಾದರಸದ ದ್ರಾವಣ ಹಚ್ಚುತ್ತಿದ್ದರು. ಹಬೆ ತುಂಬಿದ ಕೋಣೆಯಲ್ಲಿ ಆ ವಿಷ ಉಸಿರಾಡಿದ ಕೆಲಸಗಾರರ ಕೈ ನಡುಗುತ್ತಿತ್ತು, ಹಲ್ಲು ಉದುರುತ್ತಿದ್ದವು, ಬುದ್ಧಿ ಭ್ರಮಣೆಯಾಗುತ್ತಿತ್ತು. ಹ್ಯಾಟಿಗೆ ಹೆಸರಾದ ಡ್ಯಾನ್‌ಬರಿ ಪಟ್ಟಣದ ಹೆಸರನ್ನೇ ಆ ನಡುಕಕ್ಕೆ ಇಟ್ಟಿದ್ದರು. ಅಮೆರಿಕದಲ್ಲಿ ಫೆಲ್ಟಿಗೆ ಪಾದರಸ ಹಾಕುವುದು ನಿಂತದ್ದು 1941ರಲ್ಲಿ. ಅಂದರೆ ಆ ಚಂದದ ಹಳೇ ಹ್ಯಾಟುಗಳಲ್ಲಿ ಎಷ್ಟೋ ಯಾರದೋ ನರ ಸುಟ್ಟು ಬಂದವು.

ನಮ್ಮ ಹುಣಸೆ ಗಂಜಿಯಲ್ಲಿ ವಿಷ ಇರಲಿಲ್ಲ. ಆದರೆ ಹಳೇ ಕಂಬಳಿಯ ಅಗ್ಗದ ಬೆಲೆಯಲ್ಲಿ ಅನ್ಯಾಯ ಇತ್ತು. ದಿನಗಟ್ಟಲೆ ಕೂತು ಉಣ್ಣೆ ಎಕ್ಕಿ, ರಾಟಿ ತಿರುಗಿಸಿದ ಹೆಂಗಸರ ದುಡಿಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮನೆಗೆಲಸ ಅಂದುಬಿಟ್ಟರು. ಆ ಬೆಲೆಗೇ ಇವತ್ತೂ ಕಂಬಳಿ ಬೇಕು ಅನ್ನುವವರು ನಿಜವಾಗಿ ಕೇಳುತ್ತಿರುವುದು ಪುಕ್ಕಟೆ ಕೂಲಿಯನ್ನು. ಒಂದು ಕಂಬಳಿಗೆ ಎರಡು ಮೂರು ಕೆಜಿ ಉಣ್ಣೆ ಬೇಕು. ಎಕ್ಕುವುದು, ನೂಲುವುದು, ಗಂಜಿ, ನೇಯ್ಗೆ ಎಲ್ಲ ಕೈಯಲ್ಲೇ ಆದರೆ ಎಂಟು ಆಳಿನ ಕೆಲಸಕ್ಕಂತೂ ಕಡಿಮೆಯಿಲ್ಲ. ನರೇಗಾದಲ್ಲಿ ಮಣ್ಣು ಹೊತ್ತರೆ 2025–26ರಲ್ಲಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ದಿನಕ್ಕೆ 2,960 ಆಯಿತು, ಅದೂ ಉಣ್ಣೆಯ ಬೆಲೆ ಬಿಟ್ಟು. ಈಗ ಹೇಳಿ, ಐನೂರು ರೂಪಾಯಿಗೆ "ಒರಿಜಿನಲ್ ಕೈಮಗ್ಗದ ಕಂಬಳಿ" ಅಂತ ಮಾರುವವನು ಯಾರಿಗೆ ಟೊಪ್ಪಿಗೆ ಹಾಕುತ್ತಿದ್ದಾನೆ?

ನಮ್ಮ ನಿಜವಾದ ಸಿಟ್ಟು ವೇದಿಕೆಗಳ ಮೇಲೆ. ನಮ್ಮಂಥ ಜಿಲ್ಲಾ ಸ್ಟ್ರಿಂಜರ್‌ಗಳ ವಾಟ್ಸಾಪ್‌ಗೆ ತಿಂಗಳಿಗೆ ಹತ್ತಾದರೂ ಇಂಥ ಫೋಟೊ ಬರುತ್ತವೆ: ಗಣ್ಯರಿಗೆ ಕಂಬಳಿ ಹೊದಿಸಿ, ಕೈಗೆ ಕುರಿಮರಿ ಕೊಟ್ಟು ಸನ್ಮಾನ. ಹೆಗಲ ಮೇಲೆ ಮಿರಮಿರ ಮಿಂಚುತ್ತಿರುತ್ತದೆ. ಒರಟು ಉಣ್ಣೆ ಹೀಗೆ ಮಿಂಚುವುದಿಲ್ಲ. ಭಾಷಣದಲ್ಲಿ ಮಾತ್ರ "ಇದು ನಮ್ಮ ಶ್ರಮ ಸಂಸ್ಕೃತಿಯ ಸಂಕೇತ" ಅಂತ ಹೇಳಿಯೇ ಹೇಳುತ್ತಾರೆ. ಆ ಸಂಕೇತ ನೇಯಬೇಕಾದ ಮನೆಯಲ್ಲಿ ಮಗ್ಗದ ಕುಣಿಗೆ ಹಲಗೆ ಮುಚ್ಚಿ ಮೇಲೆ ಜೋಳದ ಚೀಲ ಇಟ್ಟಿದ್ದಾರೆ. ಯಾವ ಸಮುದಾಯದ ಹೆಸರಲ್ಲಿ ಸಮಾರಂಭ ನಡೆಯುತ್ತದೋ ಅದೇ ಸಮುದಾಯದ ಹೊಟ್ಟೆ ಮೇಲೆ ಹೊಡೆದು ಮಾಡುವ ಸನ್ಮಾನ ಇದು. ಹೊದಿಸಿಕೊಂಡವರಲ್ಲಿ ಒಬ್ಬರಾದರೂ "ಇದನ್ನು ನೇಯ್ದವರು ಯಾರು?" ಅಂತ ಮೈಕಿನಲ್ಲಿ ಕೇಳಿದ್ದನ್ನು ನಾವು ಕಂಡಿಲ್ಲ.

ಸರ್ಕಾರದ ಖರೀದಿಯೂ ಹಾಗೇ. ಟೆಂಡರ್‌ನಲ್ಲಿ ಕಡಿಮೆ ದರ ಹಾಕಿದವರಿಗೆ ಆರ್ಡರು ಅಂದಮೇಲೆ ಹರಿದ ಸ್ವೆಟರಿನ ನೂಲಿನ ಮುಂದೆ ಕೈನೂಲು ಗೆಲ್ಲುವುದುಂಟೇ? ಹಾಸ್ಟೆಲ್, ಆಸ್ಪತ್ರೆ, ಜೈಲು, ಎಲ್ಲ ಕಡೆ ಹೊದಿಕೆ ಬೇಕು. ಅದರಲ್ಲಿ ಒಂದು ಪಾಲು ಜಿಲ್ಲೆಯ ಉಣ್ಣೆ ನೇಕಾರರ ಸಂಘಗಳಿಂದಲೇ ಅಂತ ನಿಯಮ ಮಾಡಿದರೆ, ಸಂಘದವರು ಉಣ್ಣೆ ಕೊಳ್ಳುತ್ತಾರೆ. ಉಣ್ಣೆಗೆ ಬೆಲೆ ಬಂದರೆ ಕುರಿಗಾಹಿ ಹಿಂಡಿನಲ್ಲಿ ಹತ್ತು ಜವಾರಿ ಕರಿ ಕುರಿ ಉಳಿಸಿಕೊಳ್ಳುತ್ತಾನೆ. ತಳಿ ಉಳಿಸಿ ಅಂತ ವಿಚಾರ ಸಂಕಿರಣ ಮಾಡಿ ಊಟ ಹಾಕಿಸುವುದಕ್ಕಿಂತ ಇದು ಅಗ್ಗ.

"ಈಗ ಕಂಬಳಿ ಯಾರು ಹೊದೀತಾರ್ರೀ, ಚುಚ್ಚುತ್ತದೆ" ಅನ್ನುವವರೂ ಇದ್ದಾರೆ. ಚುಚ್ಚುತ್ತದೆ, ಸುಳ್ಳಲ್ಲ. ಮೈಗೆ ಒಂದು ಹತ್ತಿ ದುಪ್ಪಟಿ, ಮೇಲೆ ಕಂಬಳಿ, ಹಿಂದಿನವರು ಮಾಡುತ್ತಿದ್ದದ್ದು ಅದನ್ನೇ. ಮೊದಲ ಸಲ ಕತ್ತರಿಸಿದ ಮರಿ ಉಣ್ಣೆಯದಾದರೆ ಅಷ್ಟು ಚುಚ್ಚುವುದೂ ಇಲ್ಲ. ಬೇಡ ಅನ್ನುವವರು ಕೊಳ್ಳಬೇಡಿ, ಬೇಜಾರಿಲ್ಲ. ಕೊಳ್ಳದೆ ಇದ್ದು, ಪಾಣಿಪತ್ ಮಾಲು ತಂದು, ಅದು ಹರಿದ ದಿನ ನಮ್ಮೂರ ನೇಕಾರನನ್ನು ಬೈಯುವುದನ್ನು ಬಿಡಿ.

ಮುಂದಿನ ಕನಕ ಜಯಂತಿಗೆ ನಿಮ್ಮೂರ ಸಮಿತಿಯವರು ಪಟ್ಟಿ ಎತ್ತಲು ಬಂದಾಗ ದುಡ್ಡು ಕೊಡುವ ಮುಂಚೆ ಕೇಳಿ: ಕಂಬಳಿ ಎಲ್ಲಿಂದ ತರುತ್ತೀರಿ, ಯಾರ ಮಗ್ಗದ್ದು, ಬಿಲ್ಲು ತೋರಿಸುತ್ತೀರಾ? "ಪೇಟೆಯಲ್ಲಿ ಸಿಗುತ್ತೆ ಬಿಡಿ ಅಣ್ಣಾರೆ, ಹಿಂದಿನ ದಿನ ಹೋದರಾಯಿತು" ಅಂದರೆ ಅದು ಯಾವ ಕಂಬಳಿ ಅಂತ ಗೊತ್ತಾಯಿತಲ್ಲ. ಕೈಮಗ್ಗದ್ದು ಬೇಕಾದರೆ ಹಬ್ಬಕ್ಕೆ ಎರಡು ಮೂರು ತಿಂಗಳು ಮುಂಚೆಯೇ ನೇಕಾರರ ಮನೆಗೆ ಹೋಗಿ ಮುಂಗಡ ಕೊಟ್ಟು ಬರಬೇಕು. ಉಣ್ಣೆ ಹುಡುಕಿ, ನೂತು, ಗಂಜಿ ಹಚ್ಚಿ, ಬಿಸಿಲು ನೋಡಿ ಒಣಗಿಸುವುದಕ್ಕೆ ಅವರಿಗೆ ಅಷ್ಟು ದಿನ ಬೇಕು.